ತ್ರಿವೇಣಿ ಬ್ಯಾಡ ಅಂದಳು

ತ್ರಿವೇಣಿಗೆ ಮನುಷ್ಯರ ಕೈಗಳೆಂದರೆ ಭಯ. ಯಾರಾದರೂ ಎದುರಿಗೆ ಬಂದರೆ ಅವಳು ಮುಖ ನೋಡುವುದಿಲ್ಲ, ಮೊದಲು ಕೈ ನೋಡುತ್ತಾಳೆ. ಎಲ್ಲಿವೆ, ಎಷ್ಟು ದೂರದಲ್ಲಿವೆ, ತನ್ನ ಕಡೆಗೆ ಬರುತ್ತಿವೆಯೇ ಎಂದು. ಆಂಧ್ರದ ಗಡಿಯ ಆದೋನಿಯಲ್ಲಿ ಹತ್ತಿ ದಲ್ಲಾಳಿಯಾಗಿದ್ದ ಚಂದ್ರಣ್ಣನವರ ಮಗಳು ಅವಳು. ಈಗ ಮೂವತ್ತು ದಾಟಿದೆ. ತಂದೆ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುವವನು ಅಣ್ಣ ಉದಯಕುಮಾರ್. ಮನೆಯಲ್ಲಿ ತಾಯಿ ಗುರುಬಸಮ್ಮ.

ಮಗುವಾಗಿದ್ದಾಗ ತ್ರಿವೇಣಿಗೆ ಮಾತು ತಡವಾಗಿ ಬಂತು. ಬಂದ ಮೇಲೂ ಬೇಕಾದಾಗ ಬರುತ್ತಿರಲಿಲ್ಲ. ಖುಷಿಯಾದರೂ ಗಾಬರಿಯಾದರೂ ಎರಡೂ ಕೈಗಳನ್ನು ಎದೆಯ ಮುಂದೆ ಪಟಪಟ ಬಡಿಯುತ್ತಿದ್ದಳು. ಕುಕ್ಕರ್ ಸೀಟಿ ಹೊಡೆದರೆ, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಸೈರನ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಗಾಳಿ ಸೋಕಿದೆ ಎಂದು ಓಣಿಯ ಹೆಂಗಸರು ಹೇಳಿದರು. ಗುರುಬಸಮ್ಮ ತಾಯತ ಕಟ್ಟಿಸಿದಳು, ಹರಕೆ ಹೊತ್ತಳು. ಕೊನೆಗೆ ಒಬ್ಬ ಡಾಕ್ಟರು ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಹೇಳಿ, ದೂರದ ನಗರದಲ್ಲಿದ್ದ ಒಂದು ತರಬೇತಿ ಕೇಂದ್ರದ ವಿಳಾಸ ಕೊಟ್ಟರು. ಆ ನಗರದಲ್ಲಿ ತ್ರಿವೇಣಿಯ ಸೋದರತ್ತೆಯ ಮನೆಯಿತ್ತು. ಏಳು ವರ್ಷದ ಹುಡುಗಿಯನ್ನು ಅಲ್ಲಿಟ್ಟು ಬಂದರು.

ಆ ಕೇಂದ್ರದಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಎದುರಿಗೆ ಕೂತ ಟೀಚರ್ ಹೇಳುತ್ತಿದ್ದುದು ಎರಡೇ ಮಾತು. “ಕಣ್ಣು ನೋಡು. ಕೈ ಕೆಳಗೆ.” ಕಣ್ಣು ನೋಡಿದರೆ ಒಂದು ಪೆಪ್ಪರಮಿಂಟು. ಕೈ ಮೇಲೆದ್ದರೆ ಟೀಚರ್ ಆ ಪುಟ್ಟ ಕೈಗಳನ್ನು ಹಿಡಿದು ಮೇಜಿಗೆ ಒತ್ತುತ್ತಿದ್ದಳು. ಹುಡುಗಿ ಕಿರುಚಿದರೆ ಇನ್ನೊಬ್ಬಳು ಬಂದು ಹಿಂದಿನಿಂದ ಭುಜ ಹಿಡಿಯುತ್ತಿದ್ದಳು. ಅಳು ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಮಗುವಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ನಂಬಿದ್ದರು. ಎರಡು ವರ್ಷ ಕಳೆಯುವ ಹೊತ್ತಿಗೆ ತ್ರಿವೇಣಿ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುವುದನ್ನು ಕಲಿತಳು. ಕಣ್ಣು ನೋಡಿದರೆ ತಲೆಯೊಳಗೆ ಉರಿ ಬಿದ್ದಂತಾಗುತ್ತಿದ್ದುದರಿಂದ, ಎರಡು ಹುಬ್ಬುಗಳ ನಡುವಿನ ಜಾಗ ನೋಡುವುದನ್ನು ತಾನೇ ಕಂಡುಕೊಂಡಳು.

“ಹುಡುಗಿ ಸುಧಾರಿಸ್ಯಾಳ” ಎಂದು ಎಲ್ಲರೂ ಹೇಳಿದರು. ಗುರುಬಸಮ್ಮ ಮಂಡಕ್ಕಿ ನೆನೆಸಿ ಓಣಿಗೆಲ್ಲ ಮಂಡಾಳೊಗ್ಗರಣೆ ಮಾಡಿ ಹಂಚಿದಳು. ಸುಮ್ಮನಿರದಿದ್ದರೆ ಕೈಗಳು ಬರುತ್ತವೆ ಎಂಬುದೊಂದನ್ನೇ ಮಗಳು ಕಲಿತು ಬಂದಿದ್ದಾಳೆಂಬುದು ಯಾರಿಗೂ ತಿಳಿಯಲಿಲ್ಲ.

ಅವಳು ಓದಿದಳು, ಬಿ.ಕಾಂ. ಮುಗಿಸಿದಳು. ಎಮ್ಮಿಗನೂರಿನಲ್ಲಿ ಕೈಮಗ್ಗದ ಬಟ್ಟೆ ಮಾಡಿಸುವ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಣ್ಣ ಹಾಕಿ ಬಂದ ನೂಲಿನ ಲಡಿಗಳನ್ನು ವಿಂಗಡಿಸಿ ಮಗ್ಗದವರಿಗೆ ಕೊಡುವುದು ಅವಳ ಕೆಲಸ. ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ಮಾಡುವಂಥದ್ದಾದ್ದರಿಂದ ಅವಳಿಗೆ ಅದು ಇಷ್ಟ. ದಿನವೂ ಬೆಳಿಗ್ಗೆ ಆದೋನಿಯಿಂದ ಒಂದೇ ಬಸ್ಸು, ಡ್ರೈವರಿನ ಹಿಂದಿನ ಅದೇ ಕಿಟಕಿ ಸೀಟು. ಕಂಡಕ್ಟರ್ ಗೋವರ್ಧನನಿಗೆ ಅವಳ ರೀತಿ ಗೊತ್ತಾಗಿತ್ತು. ಪಾಸು ಕೇಳುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ, ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸಿ ಹಿಂದಕ್ಕೆ ಕಳಿಸುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಮದುವೆಗಳ ಕಾಲ. ಮಕ್ಕಳನ್ನು ಕದಿಯುವವರು ಊರೂರಿಗೆ ಬಂದಿದ್ದಾರೆ ಎಂಬ ವೀಡಿಯೊಗಳು ಆಗ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದವು. ಎಲ್ಲಿಯವೋ, ಯಾವಾಗಿನವೋ ಯಾರಿಗೂ ಗೊತ್ತಿಲ್ಲ. ಗುರುಬಸಮ್ಮನೂ ಒಂದನ್ನು ನೋಡಿ ಬೆಚ್ಚಿ, ಪಕ್ಕದ ಮನೆಯವಳಿಗೆ ಕಳಿಸಿದ್ದಳು.

ಒಂದು ಬೆಳಿಗ್ಗೆ ದಾರಿಯ ಊರೊಂದರ ಹತ್ತಿರ ಮದುವೆಯ ದಿಬ್ಬಣ ಅಡ್ಡ ಬಂದು ಬಸ್ಸು ನಿಂತಿತು. ಬ್ಯಾಂಡಿನವರು ರಸ್ತೆಯ ತುಂಬ ಹರಡಿಕೊಂಡಿದ್ದರು. ತ್ರಿವೇಣಿ ಕಿವಿ ಮುಚ್ಚಿಕೊಂಡಳು. ಬಸ್ಸು ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಯಾರೋ ಪಟಾಕಿಯ ಸರ ಹಚ್ಚಿದರು, ಸರಿಯಾಗಿ ಅವಳ ಕಿಟಕಿಯ ಕೆಳಗೆ.

ಆಮೇಲೆ ಏನಾಯಿತೆಂದು ಅವಳಿಗೆ ನೆನಪಿರುವುದು ಚೂರುಚೂರಾಗಿ ಮಾತ್ರ. ಬಸ್ಸಿನ ಮೆಟ್ಟಿಲು. ಕಾಲಿಗೆ ಚುಚ್ಚುವ ಒಣಗಿದ ಹತ್ತಿಗಿಡಗಳು. ಒಂದು ಬೇವಿನಮರ, ಅದರ ನೆರಳು. ಅಲ್ಲಿ ಕೂತು ಅವಳು ಕೈ ಬಡಿಯುತ್ತ, ಮುಂದಕ್ಕೂ ಹಿಂದಕ್ಕೂ ತೂಗುತ್ತ, ಬಾಯಲ್ಲಿ ಗುಂಯ್ ಎಂದು ಸದ್ದು ಮಾಡುತ್ತಿದ್ದಳು. ಹಾಗೆ ಮಾಡಿದರೆ ಮೆಲ್ಲಗೆ ಉಸಿರು ಹಿಡಿತಕ್ಕೆ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟಿದ್ದರೆ ಎದ್ದು ಹೋಗುತ್ತಿದ್ದಳೇನೋ. ಆದರೆ ಊರಿನ ಮಕ್ಕಳು ಸುತ್ತ ನೆರೆದವು. ಒಂದು ಪುಟ್ಟ ಮಗು ಅವಳ ಚೀಲದ ಪಟ್ಟಿ ಹಿಡಿದು ಎಳೆಯಿತು. ತ್ರಿವೇಣಿ ಚೀಲ ಕಿತ್ತುಕೊಂಡಳು. ಮಗು ಆಯತಪ್ಪಿ ಬಿದ್ದು ಅಳತೊಡಗಿತು.

ಮನೆಯ ಕಟ್ಟೆಯಿಂದ ಒಬ್ಬ ಹೆಂಗಸು ಕೂಗಿದಳು. “ಪಿಲ್ಲಲ ದೊಂಗ! ಮಕ್ಕಳ ಕಳ್ಳಿ ಬಂದಾಳ ಬರ್ರೋ!”

ಜನ ಬಂದರು. ಎಲ್ಲಿಂದ ಬಂದರೋ, ಕಣ್ಣೆವೆ ಮುಚ್ಚುವಷ್ಟರಲ್ಲಿ ನೆರಳೇ ಕಾಣದಷ್ಟು ಜನ.

“ಯಾವೂರಾಕಿ ನೀ? ಏ, ಮುಖ ಎತ್ತು!”

“ಎವರು ನುವ್ವು? ಎಕ್ಕಡಿನುಂಚಿ ವಚ್ಚಾವು?” ಯಾರು ನೀನು, ಎಲ್ಲಿಂದ ಬಂದೆ ಎಂದು ತೆಲುಗಿನಲ್ಲಿ ಇನ್ನೊಬ್ಬ.

ತ್ರಿವೇಣಿಗೆ ಕನ್ನಡವೂ ಗೊತ್ತು, ತೆಲುಗೂ ಗೊತ್ತು. ಆದರೆ ನಾನು ಆದೋನಿಯವಳು ಎಂಬ ಮಾತು ಎರಡರಲ್ಲೂ ಬಾಯಿಗೆ ಬರಲಿಲ್ಲ. “ನೋಡ್ರಿ, ಕಣ್ಣು ಕೊಡವಲ್ಲಳು. ಕಳ್ಳಿನ ಇಕಿ” ಎಂದು ಒಬ್ಬ. “ಮೂಗಿ ಆಟ ಹೂಡ್ಯಾಳ” ಎಂದು ಇನ್ನೊಬ್ಬ. ಕೈಗಳು ಬಂದವು. ಜಡೆಗೆ ಒಂದು, ಕುತ್ತಿಗೆಗೆ ಒಂದು, ಕೆನ್ನೆಗೆ ಯಾರದೋ ಏಟು. ಎತ್ತಿನ ಹಗ್ಗ ತಂದು ಅವಳ ಎರಡೂ ಕೈಗಳನ್ನು ಹಿಂದಕ್ಕೆ ಎಳೆದು ಬೇವಿನಮರಕ್ಕೆ ಕಟ್ಟಿದರು. ಆಗ ಅವಳ ಬಾಯಿಂದ ಮಾತು ಬಂತು. ಬಂದದ್ದು ಎಂದೋ ಒಳಗೆ ಹೂತುಹೋಗಿದ್ದ ಮಾತು.

“ಕೈ ಕೆಳಗೆ. ಕೈ ಕೆಳಗೆ. ಕಣ್ಣು ನೋಡು. ಕೈ ಕೆಳಗೆ.”

“ಮಂತ್ರ ಹಾಕಕತ್ಯಾಳ!” ಎಂದು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿಂದೆ ಸರಿದರು. ಗಂಡಸರು ಇನ್ನೂ ಹತ್ತಿರ ಬಂದರು. ಒಬ್ಬನ ಕೈಯಲ್ಲಿ ಕೊಡಲಿಯ ಕಾವು ಇತ್ತು.

ಅವಳನ್ನು ಉಳಿಸಿದ್ದು ವಾಪಸು ಬರುತ್ತಿದ್ದ ಅದೇ ಬಸ್ಸು. ಹೋಗುವಾಗ ದಿಬ್ಬಣದ ಗದ್ದಲದಲ್ಲಿ ಅವಳು ಇಳಿದದ್ದನ್ನು ಗೋವರ್ಧನ ಕಂಡಿರಲಿಲ್ಲ. ಎಮ್ಮಿಗನೂರಿನಲ್ಲಿ ಸೀಟು ಖಾಲಿ ಇದ್ದುದು ಅವನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಈಗ ರಸ್ತೆಬದಿಯ ಹೊಲದಾಚೆ ಜಾತ್ರೆಯಂತೆ ಜನ ಕಂಡು ಬಸ್ಸು ನಿಲ್ಲಿಸಿದ, ಹೆಗಲಿನ ಚೀಲದ ಸಮೇತ ಓಡಿದ.

“ಏಯ್! ಬಿಡ್ರೋ! ಆಕಿ ನಮ್ಮ ಬಸ್ಸಿನಾಕಿ! ಆದೋನಿ ಚಂದ್ರಣ್ಣನ ಮಗಳು! ದಿನಾ ನೋಡ್ತೀನಿ ನಾ!”

ಖಾಕಿ ಅಂಗಿ ಕಂಡು ಜನ ಪೊಲೀಸನೆಂದು ಬೆದರಿದರೋ, ಅವನ ಕೂಗಿಗೆ ಬೆದರಿದರೋ, ಕೊಡಲಿಯ ಕಾವು ಹಿಡಿದಿದ್ದವನು ಹಿಂದೆ ಸರಿದ. ಗೋವರ್ಧನ ಹಗ್ಗ ಬಿಚ್ಚಿದ. ಅವನ ಕೈ ತಗುಲಿದ್ದಕ್ಕೂ ತ್ರಿವೇಣಿ ಚೀರಿದಳು.

ಪೊಲೀಸರು ಬಂದು ಕಟ್ಟಿಹಾಕಿದವರ ಮೇಲೆ ಕೇಸು ಬರೆದುಕೊಂಡರು. ಮನೆಗೆ ಬಂದ ತ್ರಿವೇಣಿ ಧಾನ್ಯ ಇಡುವ ಕತ್ತಲೆ ಕೋಣೆ ಸೇರಿ ಜೋಳದ ಚೀಲಗಳ ಸಂದಿಯಲ್ಲಿ ಕೂತುಬಿಟ್ಟಳು. ಮಾತು ಪೂರ್ತಿ ನಿಂತಿತು. ಮಣಿಕಟ್ಟಿನಲ್ಲಿ ಹಗ್ಗ ಕೊರೆದ ಗಾಯಕ್ಕೆ ಮುಲಾಮು ಹಚ್ಚಲು ಹೋದ ಗುರುಬಸಮ್ಮನನ್ನು ಕಂಡು ಗೋಡೆಗೆ ಒತ್ತಿಕೊಂಡಳು. ಹೆತ್ತ ಮಗಳು ತನ್ನ ಕೈಗೇ ಹೆದರುವುದನ್ನು ಕಂಡ ತಾಯಿ ಮುಲಾಮಿನ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ಬಂದಳು. ಇವಳು ಇನ್ನು ಹೀಗೇ ಉಳಿಯುತ್ತಾಳೆಯೇ, ತಾನು ಸತ್ತ ಮೇಲೆ ಗತಿ ಏನು, ಹೊರಗೆ ಬಿಟ್ಟರೆ ಮತ್ತೆ ಯಾರಾದರೂ ಕಟ್ಟಿಹಾಕಿದರೆ? ಆ ಮನೆಯಲ್ಲಿ ಈಗ ಎಲ್ಲರೂ ಹೆದರಿದ್ದರು. ಬಾಗಿಲು ಬಡಿದರೆ ಉದಯಕುಮಾರನೂ ಒಮ್ಮೆ ಬೆಚ್ಚುತ್ತಿದ್ದ.

ಅವನು ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಊರಿನ ಒಬ್ಬ ಮಾನಸಿಕ ಸಲಹೆಗಾರನ ಬಳಿಗೆ ಕರೆದೊಯ್ದ. ಆತ ಎಲ್ಲವನ್ನೂ ಕೇಳಿ ಹೇಳಿದ.

“ನೋಡಿ, ಜನಕ್ಕೆ ಅನುಮಾನ ಯಾಕೆ ಬಂತು? ಈಕೆ ಕಣ್ಣು ಕೊಟ್ಟು ಮಾತಾಡಲಿಲ್ಲ, ಕೈ ವಿಚಿತ್ರವಾಗಿ ಆಡಿಸಿದಳು. ಚಿಕ್ಕಂದಿನ ತರಬೇತಿ ಮರೆತುಹೋಗಿದೆ. ಮತ್ತೆ ಶುರು ಮಾಡೋಣ. ಎಲ್ಲಿ, ತ್ರಿವೇಣಿ, ನನ್ನ ಕಡೆ ನೋಡು.”

ಅವನು ಮೇಜಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡ. ಅಕ್ಕರೆಯಿಂದಲೇ ಹಿಡಿದಿರಬೇಕು. ತ್ರಿವೇಣಿ ಅಲುಗಾಡಲಿಲ್ಲ, ಅಳಲಿಲ್ಲ. ಅವನ ಹುಬ್ಬುಗಳ ನಡುವೆ ಕಣ್ಣು ನೆಟ್ಟಳು. “ಗುಡ್” ಎಂದ ಅವನು. ಆಗಲೇ ಅವಳು ಕೂತ ಕುರ್ಚಿಯ ಕೆಳಗೆ ನೀರು ಹರಿದದ್ದು ಉದಯಕುಮಾರನಿಗೆ ಕಂಡಿತು. ಅವನು ಎದ್ದು, ತನ್ನ ಹೆಗಲ ಮೇಲಿನ ಟವೆಲ್ಲನ್ನು ತಂಗಿಯ ಮಡಿಲ ಮೇಲೆ ಹಾಕಿ, ಮನೆಗೆ ಕರೆತಂದ.

ಸುಪ್ರಜಾಳ ವಿಷಯ ತಿಳಿದದ್ದು ಅಂಗಡಿಯ ಗಿರಾಕಿಯೊಬ್ಬರಿಂದ. ಆದೋನಿಯ ಹಳೆಯ ಪೋಸ್ಟ್‌ಮಾಸ್ಟರ್ ಸೇತುಮಾಧವರಾಯರ ಮಗಳು ಆಕೆ. ಮನಶ್ಶಾಸ್ತ್ರ ಓದಿ, ನಾಲ್ಕಾರು ಊರುಗಳಲ್ಲಿ ಕೆಲಸ ಮಾಡಿ, ಈಗ ತಂದೆಯ ಮನೆಯ ಮುಂಭಾಗದ ಕೋಣೆಯಲ್ಲೇ ಜನರನ್ನು ನೋಡುತ್ತಿದ್ದಳು. ಉದಯಕುಮಾರ್ ಫೋನು ಮಾಡಿದಾಗ ಅವಳು ಏನಾಯಿತೆಂದು ಮೊದಲು ಕೇಳಲಿಲ್ಲ.

“ಯಾವ ಸದ್ದು ಆಗಂಗಿಲ್ಲ ಅವರಿಗೆ? ಫ್ಯಾನ್ ನಡೀತೈತೇನು? ಟ್ಯೂಬ್‌ಲೈಟ್? ಮಾತಾಡ್ಲೇಬೇಕು ಅಂತಿಲ್ಲ ಅಂತ ಹೇಳ್ರಿ. ಕಾರಿಂದ ಇಳೀಬೇಕು ಅಂತಾನೂ ಇಲ್ಲ.”

ಮೊದಲ ಸಲ ತ್ರಿವೇಣಿ ಕಾರಿನಿಂದ ಇಳಿಯಲಿಲ್ಲ. ಸುಪ್ರಜಾ ಬಂದು ತನ್ನ ಮನೆಯ ಮೆಟ್ಟಿಲ ಮೇಲೆ, ಕಾರಿನಿಂದ ದೂರದಲ್ಲಿ ಕೂತಳು. ಎರಡೂ ಕೈಗಳನ್ನು ಕಾಣುವಂತೆ ಮೊಣಕಾಲ ಮೇಲೆ ಇಟ್ಟುಕೊಂಡಳು.

“ತ್ರಿವೇಣಿಯವರ, ನನ್ನ ಕೈ ಇಲ್ಲೇ ಇರ್ತಾವ. ನೀವು ಹೂಂ ಅನ್ನದ ನಾ ಮುಟ್ಟಂಗಿಲ್ಲ. ನಿಮ್ಮ ಅಣ್ಣಾರಿಗೂ ಅವ್ವಾರಿಗೂ ಇದನ್ನ ಹೇಳೀನಿ.”

ತ್ರಿವೇಣಿಯನ್ನು ಈವರೆಗೆ ಯಾರೂ ‘ನೀವು’ ಎಂದಿರಲಿಲ್ಲ. ಮೂವತ್ತು ವರ್ಷದ ಹೆಂಗಸನ್ನು ಮನೆಗೆ ಬರುವ ಹಾಲಿನವನೂ ಏಕವಚನದಲ್ಲೇ ಕರೆಯುತ್ತಿದ್ದ. ಆದರೆ ಆ ಮರ್ಯಾದೆಯಿಂದ ಅವಳಿಗೆ ಧೈರ್ಯ ಬರಲಿಲ್ಲ, ಭಯ ಹೆಚ್ಚಿತು. ಪೆಪ್ಪರಮಿಂಟೂ ಸಿಹಿಯೇ ಇತ್ತಲ್ಲ. ಮುಂದಿನ ವಾರ ಅವಳು ಕೋಣೆಯೊಳಗೆ ಬಂದು ಬಾಗಿಲ ಪಕ್ಕದ ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಾಗಲೂ, ಮೇಜು ಯಾವಾಗ ಬರುತ್ತದೆ, ಪರೀಕ್ಷೆ ಯಾವಾಗ ಶುರುವಾಗುತ್ತದೆ ಎಂದೇ ಕಾಯುತ್ತಿದ್ದಳು. ಸುಪ್ರಜಾ ಎದುರಿಗೆ ಕೂರದೆ ಪಕ್ಕದ ಗೋಡೆಗೆ ಕೂತಳು. ಮುಂದಿನ ವಾರಗಳಲ್ಲೂ ಹೀಗೇ ನಡೆಯಿತು. ತ್ರಿವೇಣಿ ತಂದಿದ್ದ ನೂಲಿನ ಲಡಿಯನ್ನು ಬಿಚ್ಚಿ ಸುತ್ತುತ್ತಿದ್ದಳು. ಅದನ್ನು ಬಿಡು ಎಂದು ಯಾರೂ ಹೇಳಲಿಲ್ಲ.

ಒಂದು ದಿನ ಸುಪ್ರಜಾ ಯಾರದೋ ಮುತ್ತೈದೆ ಪೂಜೆಗೆ ಹೋಗಿ ನೇರವಾಗಿ ಬಂದಿದ್ದಳು. ಕೈತುಂಬ ಹೊಸ ಗಾಜಿನ ಬಳೆ. ಅವಳು ಅಲುಗಿದಾಗಲೆಲ್ಲ ಅವು ಘಲ್ ಎನ್ನುತ್ತಿದ್ದವು, ಪ್ರತಿ ಸದ್ದೂ ತ್ರಿವೇಣಿಯ ಹಲ್ಲಿನ ಬೇರಿಗೆ ಸೂಜಿ ಇಟ್ಟಂತಾಗುತ್ತಿತ್ತು. ಸಹಿಸಬೇಕು, ಸುಮ್ಮನಿರಬೇಕು, ಇಲ್ಲದಿದ್ದರೆ ಕೈಗಳು ಬರುತ್ತವೆ. ಬೆವರು ಇಳಿಯಿತು. ಸಹಿಸಲಾರದೆ ತಿಂಗಳುಗಳ ನಂತರ ಅವಳ ಬಾಯಿಂದ ಒಂದು ಮಾತು ಬಂತು.

“ಬ್ಯಾಡ.”

ಸುಪ್ರಜಾ ತಟ್ಟನೆ ಅಲುಗುವುದನ್ನು ನಿಲ್ಲಿಸಿದಳು. “ಏನು ಬ್ಯಾಡ, ತೋರಿಸ್ತೀರಾ?”

ತ್ರಿವೇಣಿ ಬಳೆಗಳನ್ನು ನೋಡಿದಳು. ಸುಪ್ರಜಾ ಆ ಕ್ಷಣವೇ ಒಂದೊಂದಾಗಿ ಬಿಚ್ಚಿ ಒಳಮನೆಯಲ್ಲಿಟ್ಟು ಬಂದಳು.

“ನಾನು ಮೊದಲ ಕೇಳಬೇಕಿತ್ತು. ತಪ್ಪು ನನ್ನದು. ಹೇಳಿದ್ದು ಛಲೋ ಆತು.”

ಮನೆಗೆ ಹೋದ ಮೇಲೆ ತ್ರಿವೇಣಿಗೆ ಜ್ವರ ಬಂದಂತೆ ನಡುಕ ಹತ್ತಿತು. ಬ್ಯಾಡ ಅಂದಿದ್ದಾಳೆ, ಈಗ ಶಿಕ್ಷೆ ಇದೆ. ಆ ಇಡೀ ವಾರ ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಚೀಲಗಳ ಹಿಂದೆ ಸರಿಯುತ್ತಿದ್ದಳು. ಯಾರೂ ಬರಲಿಲ್ಲ. ಮತ್ತೆ ಹೋದಾಗ ಸುಪ್ರಜಾಳ ಮುಂಗೈ ಬರಿದಾಗಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ.

ಗುರುಬಸಮ್ಮನಿಗೆ ಇದು ಯಾವ ಬಗೆಯ ಚಿಕಿತ್ಸೆಯೋ ತಿಳಿಯಲಿಲ್ಲ. ಒಮ್ಮೆ ಸುಪ್ರಜಾಳ ಕೋಣೆಯ ಹೊರಗೆ ತಡೆಯಲಾರದೆ ಕೇಳಿಯೇಬಿಟ್ಟಳು. “ಮೇಡಂ, ಯಾವಾಗ ನೆಟ್ಟಗಾಗ್ತಾಳ್ರಿ ಈಕಿ? ಎಲ್ಲಾರ ಹಂಗ?”

“ಅಮ್ಮಾ, ಆಟಿಸಂ ಅನ್ನೋದು ಜಡ್ಡಲ್ಲ. ಆಕಿ ಹುಟ್ಟಿದ್ದೇ ಹಂಗ, ಆಕಿ ಇರೋದೇ ಹಂಗ. ಎಲ್ಲಾರ ಹಂಗ ಮಾಡೋದು ನನ್ನ ಕೆಲಸ ಅಲ್ಲ. ಈಗ ಆಕಿನ್ನ ತಿನ್ನಕತ್ತಿದ್ದು ಅಂಜಿಕಿ. ಅದನ್ನ ಆಕಿ ಹುಟ್ಟತ್ಲೆ ತಂದಿಲ್ಲ.”

“ಮತ್ತ ಎಲ್ಲಿಂದ ಬಂತ್ರಿ?”

“ಕೈ ಬಡಿಯೋದು ಆಕಿಗೆ ಉಸಿರು ಬಿಟ್ಟಂಗ. ಸಣ್ಣಾಕಿ ಇದ್ದಾಗ ಉಸಿರು ಬಿಡಬ್ಯಾಡ ಅಂತ ಹಿಡಿದು ಕೂಡಿಸ್ಯಾರ. ಆ ಊರಾಗ ಮತ್ತ ಅದೇ ಆತು, ಹಗ್ಗದಿಂದ.”

ಗುರುಬಸಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು. “ನಾವ ಕಳಿಸಿದ್ವಿರಿ. ಛಲೋ ಆಗ್ತೈತಿ ಅಂತ...”

“ಗೊತ್ತೈತ್ರಮ್ಮ. ನಿಮಗ ಯಾರೂ ಬ್ಯಾರೆ ಹೇಳ್ಲಿಲ್ಲ.”

ಆ ಮಾತು ಒಳಗೆ ಕೂತಿದ್ದ ತ್ರಿವೇಣಿಗೆ ಕೇಳಿಸಿತ್ತು. ಆ ದಿನ ಸುಪ್ರಜಾ ಒಳಗೆ ಬಂದು ಕೂತ ಮೇಲೆ ತ್ರಿವೇಣಿಯ ಕೈಗಳು ತೊಡೆಯ ಕೆಳಗಿನಿಂದ ತಾವಾಗಿ ಹೊರಬಂದವು. ಎದೆಯ ಮುಂದೆ ಎದ್ದವು. ಅವಳು ಬಾಗಿಲ ಕಡೆ ನೋಡಿದಳು, ಹಿಂದೆ ನೋಡಿದಳು, ಕಣ್ಣು ಬಿಗಿಯಾಗಿ ಮುಚ್ಚಿ ಏಟಿಗೆ ಕಾದಳು. ಕೈಗಳು ಬಡಿಯುತ್ತಲೇ ಇದ್ದವು. ಸುಪ್ರಜಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಏನೂ ಆಗಲಿಲ್ಲ. ತ್ರಿವೇಣಿ ಅತ್ತಳು. ಎಂಟು ವರ್ಷದ ಹುಡುಗಿ ಅಳುವಂತೆ ದನಿ ತೆಗೆದು ಅತ್ತಳು.

ಅದಾದ ಮೇಲೆ ಮಾತು ಮೆಲ್ಲಮೆಲ್ಲಗೆ ಬಂತು. ಬೇವಿನಮರದ ಕೆಳಗೆ ನಡೆದದ್ದನ್ನು ಅವಳು ಒಂದೇ ಸಲಕ್ಕೆ ಹೇಳಲಿಲ್ಲ. ಕೆಲವನ್ನು ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು. ಸಾಕೆನಿಸಿದಾಗ ಫೋನು ಮಗುಚಿ ಇಡುತ್ತಿದ್ದಳು. ಸುಪ್ರಜಾ ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಊರಿನವರು ಮನೆಗೆ ಬಂದರು. ಇಬ್ಬರು ಹಿರಿಯರು, ಜೊತೆಗೆ ಅಂದು ಮೊದಲು ಕೂಗಿದ ಹೆಂಗಸು. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಕೇಸು ಹಿಂದೆ ತೆಗೆದುಕೊಳ್ಳಬೇಕೆಂಬುದು ಅವರ ಬೇಡಿಕೆ.

“ತಪ್ಪಾಗೈತ್ರಿ. ನಿಮ್ಮ ಮಗಳು ಹಿಂಗಂತ ನಮಗೇನು ಗೊತ್ತು? ಒಂದ್ಸಲ ಹೊರಗ ಕರೀರಿ. ಕಾಲು ಹಿಡೀತೀವಿ” ಎಂದರು ಹಿರಿಯರು.

ಆ ದನಿಗಳು ತ್ರಿವೇಣಿಗೆ ಕೇಳಿಸಿದವು. ಮೂಗಿಗೆ ಎತ್ತಿನ ಹಗ್ಗದ ವಾಸನೆ ಬಡಿಯಿತು. ಅವಳು ನಡುಮನೆಯ ಬಾಗಿಲ ಹಿಂದೆ ನಿಂತಿದ್ದಳು. ಉದಯಕುಮಾರ್ ಒಳಗೆ ಬಂದು ಪಿಸುಗುಟ್ಟಿದ. “ಒಂದು ನಿಮಿಷ ಬಂದು ನಿಲ್ಲವ್ವ. ದೊಡ್ಡೋರು ಬಂದಾರ. ನಾ ಇರ್ತೀನಿ ಬಾಜೂಕ. ಇದು ಮುಗದೋಗ್ಲಿ.”

ಕಾಲು ಹಿಡಿಯುತ್ತಾರಂತೆ. ಅದೇ ಕೈಗಳಿಂದ. ಅವಳ ಕೈಗಳು ಎದೆಯ ಮುಂದೆ ಬಡಿಯತೊಡಗಿದವು. ಹೊರಗಿನವರಿಗೆ ಬಾಗಿಲ ಸಂದಿಯಿಂದ ಅದು ಕಾಣುತ್ತಿತ್ತು. ಕಂಡರೂ ಅವಳು ನಿಲ್ಲಿಸಲಿಲ್ಲ.

“ಬ್ಯಾಡ” ಎಂದಳು. ದನಿ ಹೊರಡಲಿಲ್ಲ. ಉಸಿರೆಳೆದು ಇನ್ನೊಮ್ಮೆ, ಹೊರಗೆ ಕೇಳುವಂತೆ, “ಬ್ಯಾಡ ಅಣ್ಣ. ನಾ ಬರಂಗಿಲ್ಲ.”

ಹಿರಿಯರಲ್ಲೊಬ್ಬರು ನಕ್ಕಂತೆ ಮಾಡಿ, “ಸಣ್ಣ ಹುಡುಗೀರು ಅಂದಂಗ ಅಂತಾಳ. ನೀವು ಹೇಳ್ರಮ್ಮ, ತಿಳುವಳಿಕಿ ಹೇಳಿ ಕರೀರಿ” ಎಂದರು.

ಗುರುಬಸಮ್ಮ ಎದ್ದಳು. ಅವಳಿಗೂ ಹೆದರಿಕೆಯಿತ್ತು. ಊರವರನ್ನು ಎದುರು ಹಾಕಿಕೊಂಡರೆ ಮಗನ ವ್ಯಾಪಾರಕ್ಕೆ ಏನಾಗುವುದೋ, ಆ ದಾರಿಯಲ್ಲಿ ಮಗಳು ಮತ್ತೆ ಹೇಗೆ ಹೋಗುವಳೋ. ಆದರೂ ತಟ್ಟೆ ಎತ್ತಿ ಆ ಹೆಂಗಸಿನ ಕೈಗೆ ಕೊಟ್ಟಳು.

“ನನ್ನ ಮಗಳು ಬ್ಯಾಡ ಅಂದಾಳ್ರಿ. ನನಗ ತಿಳುವಳಿಕಿ ಹೇಳಿ ಹೇಳಿ ಸಾಕಾಗೈತಿ, ಇನ್ನ ಆಕಿ ಹೇಳಿದ್ದು ಕೇಳ್ತೀನಿ. ಹಣ್ಣು ನೀವ ತಗೊಂಡು ಹೋಗ್ರಿ.”

ಅವರು ಗೊಣಗುತ್ತ ಹೊರಟರು. ಗುರುಬಸಮ್ಮ ಬಾಗಿಲು ಹಾಕಿ ಅಗಳಿ ಜಡಿದು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ತ್ರಿವೇಣಿ ಬಂದು ಎರಡು ಮೊಳ ದೂರದಲ್ಲಿ ನೆಲದ ಮೇಲೆ ಕೂತಳು.

ಕ್ಷಮಿಸದೆ ಇದ್ದದ್ದು ಪಾಪವೇ ಎಂದು ತ್ರಿವೇಣಿ ಆ ವಾರ ಸುಪ್ರಜಾಳನ್ನು ಕೇಳಿದಳು. “ಕ್ಷಮಿಸೋದು ಬಿಡೋದು ನಿಮಗ ಬಿಟ್ಟದ್ದು. ನಿಮ್ಮ ಭಯ ಕಡಿಮಿ ಮಾಡಾಕ ಅವರನ್ನ ಕ್ಷಮಿಸ್ಲೇಬೇಕು ಅಂತೇನಿಲ್ಲ” ಎಂದಳು ಸುಪ್ರಜಾ. ಅವಳು ಬೇರೊಂದು ಕೆಲಸ ಮಾಡಿದಳು. ತ್ರಿವೇಣಿಯ ಒಪ್ಪಿಗೆ ಕೇಳಿ, ಅವಳ ಹೆಸರು ಹೇಳದೆ, ಆ ದಾರಿಯ ಊರುಗಳ ಶಾಲೆಗಳಿಗೆ ಹೋಗಿ ಮಾತಾಡಿದಳು. ಕೈ ಬಡಿಯುವವರು, ಕಣ್ಣು ಕೊಡದವರು, ಕೇಳಿದರೆ ಉತ್ತರಿಸದವರು ಸಿಕ್ಕರೆ ಸುತ್ತುವರಿಯಬೇಡಿ, ಮುಟ್ಟಬೇಡಿ, ಜಾಗ ಬಿಡಿ ಎಂದು. ಉದಯಕುಮಾರ್ ಜೊತೆಗೆ ಹೋಗುತ್ತಿದ್ದ. ಕೆಲವರು ಕೇಳಿದರು, ಕೆಲವರು ಫೋನು ನೋಡುತ್ತ ಕೂತಿದ್ದರು. ತ್ರಿವೇಣಿ ಒಂದಕ್ಕೂ ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವಳು ಕೆಲಸಕ್ಕೆ ಹೊರಟಳು. ಕಿವಿಗೆ ಸದ್ದು ತಡೆಯುವ ಹೆಡ್‌ಫೋನು, ಬಸ್ಸಿನಲ್ಲಿ ಗೋವರ್ಧನ. ಆ ಊರು ಹತ್ತಿರ ಬಂದಂತೆ ಅವಳ ಕೈಗಳು ಎದೆಯ ಮುಂದೆ ಬಡಿಯತೊಡಗುತ್ತವೆ. ಕೆಲವು ದಿನ ಅರ್ಧ ದಾರಿಗೆ ಇಳಿದು ಅಣ್ಣನಿಗೆ ಫೋನು ಮಾಡುತ್ತಾಳೆ, ಅವನು ಬೈಯದೆ ಗಾಡಿ ತರುತ್ತಾನೆ. ಕೇಸು ಇನ್ನೂ ನಡೆಯುತ್ತಿದೆ. ಸಾಕ್ಷಿ ಹೇಳುವ ದಿನ ಬಂದರೆ ಏನು ಮಾಡುವುದೆಂದು ಅವಳೂ ಸುಪ್ರಜಾಳೂ ಈಗಿನಿಂದಲೇ ಮಾತಾಡಿಕೊಳ್ಳುತ್ತಿದ್ದಾರೆ.

“ಈ ಅಂಜಿಕಿ ಪೂರಾ ಹೋಗ್ತೈತೇನ್ರಿ ಮೇಡಂ?” ಎಂದು ಮೊನ್ನೆ ಕೇಳಿದಳು.

“ಹೋಗ್ತೈತಿ ಅಂತ ಸುಳ್ಳು ಹೇಳಾಕ ಮನಸ್ಸಿಲ್ಲ. ಕಡಿಮಿ ಆಗ್ತೈತಿ. ಬಂದಾಗ ನೀವು ಒಬ್ಬರ ಇರಂಗಿಲ್ಲ, ಅಷ್ಟು ಹೇಳಬಲ್ಲೆ.”

ತ್ರಿವೇಣಿ ತಲೆಯಾಡಿಸಿದಳು. ಆಮೇಲೆ ನಾಳೆ ಎಮ್ಮಿಗನೂರಿಗೆ ಹೊಸ ನೀಲಿ ನೂಲು ಬರುವುದಿದೆ, ಬೇಗ ಮಲಗಬೇಕು ಎಂದು ಹೇಳಿ ಎದ್ದಳು.